ಮಾರಿಕಣಿವೆಯ ಬೋಟ್ ಇಂಜಿನ್ನು, ಅದರ ಆಯಿಲ್ ಪಂಪು ಮತ್ತು ನನ್ನ ಹಠ

ನಾನು ದಾವಣಗೆರೆಯ ಹಳೇ ಪಿ.ಬಿ. ರೋಡಿನ ಹತ್ತಿರ ಬೈಕ್ ಗ್ಯಾರೇಜ್ ಇಟ್ಟುಕೊಂಡವನು. ಮೂವತ್ತು ವರ್ಷದಿಂದ ಉಗುರಿನ ಸಂದಿಯ ಗ್ರೀಸ್ ಹೋಗಿಲ್ಲ. ಆದರೆ ಬೋಟಿನ ಇಂಜಿನ್ ಬಿಚ್ಚುತ್ತೇನೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ನಮ್ಮ ಕಡೆ ನೀರು ಅಂದರೆ ಭದ್ರಾ ಚಾನೆಲ್ಲು. ಅದರಲ್ಲಿ ಎಮ್ಮೆ ಮೈ ತೊಳೆಯಬಹುದು, ಬೋಟು ಓಡಿಸೋಕೆ ಆಗಲ್ಲ.

ಅಕ್ಕನನ್ನು ಕೊಟ್ಟಿರುವುದು ಹೊಸದುರ್ಗದ ಕಡೆ, ಮಾರಿಕಣಿವೆ ಡ್ಯಾಮಿನ, ಅಂದರೆ ವಾಣಿವಿಲಾಸ ಸಾಗರದ, ಹಿನ್ನೀರಿನ ಒಂದು ಹಳ್ಳಿಗೆ. ಭಾವ ಮೀನು ಹಿಡಿಯುವವರು. ಕಾಟ್ಲಾ, ರೋಹು, ಜಿಲೇಬಿ, ಬಲೆಗೆ ಬಿದ್ದದ್ದು. ಮೊದಲೆಲ್ಲ ತೆಪ್ಪದಲ್ಲೇ ಹೋಗುತ್ತಿದ್ದರು, ನೀರೂ ಅಷ್ಟಕ್ಕಷ್ಟೇ ಇರುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಡ್ಯಾಮು ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ, 130 ಅಡಿ ತುಂಬಿ ಹರಿಯಿತು, ಜನ ಜಾತ್ರೆ ಥರ ನೋಡೋಕೆ ಹೋದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ನೋಡುವವರಿಗೆ ಖುಷಿ. ಭಾವನಿಗೆ ಮಾತ್ರ ಬಲೆ ಬಿಡುವ ಜಾಗ ದೂರ ಆಯಿತು. ಬೆಟ್ಟದ ಸಂದಿಯಿಂದ ಗಾಳಿ ಬೀಸಿದರೆ ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದುಹೋಗುತ್ತಿತ್ತು. ಒಂದು ಹಳೇ ಫೈಬರ್ ಬೋಟು ಕೊಂಡರು. ಆಮೇಲೆ ಅದಕ್ಕೆ ಇಂಜಿನ್ ಬೇಕಲ್ವಾ.

ಇಂಜಿನ್ ಸಿಕ್ಕಿದ್ದು ಮಲ್ಪೆಯಲ್ಲಿ. ಜಪಾನಿನ ಟೂ ಸ್ಟ್ರೋಕ್ ಔಟ್‌ಬೋರ್ಡು, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಕಟ್ಟುವ ಇಂಜಿನ್ನು, ಎರಡು ಸಿಲಿಂಡರ್, 30 ಎಚ್‌ಪಿ. ಕೊಟ್ಟವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಇಂಜಿನ್ ಒಳ್ಳೇದುಂಟು ಮಾರಾಯ್ರೆ, ಸ್ವಲ್ಪ ಜಾಮ್ ಆಗಿದೆ ಅಷ್ಟೇ." ಸ್ವಲ್ಪ ಜಾಮ್! ಟಾಟಾ ಏಸ್‌ನಲ್ಲಿ ದಾವಣಗೆರೆಗೆ ಬಂದ ದಿನ ಹಗ್ಗ ಎಳೆದು ನೋಡಿದೆ. ಗೋಡೆಗೆ ಕಟ್ಟಿದ ಹಗ್ಗ ಎಳೆದ ಹಾಗೆ.

ಹೆಡ್ ಬಿಚ್ಚಿದಾಗ ಮೇಲಿನ ಸಿಲಿಂಡರ್ ಪರವಾಗಿಲ್ಲ ಅನ್ನುವ ಹಾಗಿತ್ತು. ಕೆಳಗಿನದು ಹಾಳು. ಪಿಸ್ಟನ್ನಿನ ಎಕ್ಸಾಸ್ಟ್ ಕಡೆಗೆ ಉದ್ದಕ್ಕೂ ಗೀರು, ರಿಂಗು ತನ್ನ ತೋಡಿನಲ್ಲೇ ಅಂಟಿಕೊಂಡಿದೆ, ಅಲ್ಯೂಮಿನಿಯಂ ಕರಗಿ ಬೋರಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಗೋಡೆಗೆ ಬೆಳ್ಳಗೆ ಬಳಿದುಕೊಂಡಿದೆ. ಅವತ್ತು ಗ್ಯಾರೇಜಿಗೆ ಬಂದವರೆಲ್ಲ ಒಂದು ಕೈ ನೋಡಿದರು. ಎಲ್ಲರದೂ ಒಂದೇ ತೀರ್ಪು, "ಆಯಿಲ್ ಹಾಕಿಲ್ಲ ಬಿಡಣ್ಣ." ನಾನೂ ಹೂಂ ಅಂದೆ. ಆದರೆ ಆಯಿಲ್ ಇಲ್ಲದೆ ಓಡಿದ್ದರೆ ಎರಡೂ ಸಿಲಿಂಡರ್ ಹೋಗಬೇಕಿತ್ತು. ಒಂದು ಮಾತ್ರ ಯಾಕೆ ಹೋಯಿತು? ಅವತ್ತು ಅದನ್ನು ಜಾಸ್ತಿ ಯೋಚನೆ ಮಾಡಲಿಲ್ಲ. ಮಾಡಬೇಕಿತ್ತು.

ರಿಪೇರಿ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ವಿಶೇಷ ಏನಿಲ್ಲ. ಲೇತ್‌ನಲ್ಲಿ ಎರಡೂ ಬೋರ್ ಅರ್ಧ ಎಂಎಂ ಓವರ್‌ಸೈಜ್ ಮಾಡಿಸಿದೆ, ಹೊಸ ಪಿಸ್ಟನ್, ರಿಂಗು, ಕ್ರ್ಯಾಂಕಿನ ಸೀಲುಗಳು, ಬೇರಿಂಗು, ಗ್ಯಾಸ್ಕೆಟ್ಟು, ನೀರೆತ್ತುವ ರಬ್ಬರ್ ಇಂಪೆಲ್ಲರ್. ಸಾಮಾನು ಕರಾವಳಿಯಿಂದ ಬರಬೇಕಾದ್ದರಿಂದ ಮೂರು ವಾರ ಹಿಡಿಯಿತು. ಕೆಲಸ ಬೈಕಿನದೇ, ಸೈಜು ದೊಡ್ಡದು, ಬೋಲ್ಟಿಗೆ ಉಪ್ಪುನೀರಿನ ತುಕ್ಕು ಬೇರೆ.

ಎಲ್ಲಾ ಜೋಡಿಸಿ ಆಯಿಲ್ ಪಂಪು ಕೈಯಲ್ಲಿ ಹಿಡಿದು ನಿಂತಾಗ ಪ್ರಶ್ನೆ ಬಂತು. ಇದನ್ನು ವಾಪಸ್ ಕೂರಿಸಬೇಕಾ, ಅಥವಾ ತೆಗೆದು ಎಸೆದು ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸೋಣವಾ?

ಗೊತ್ತಿಲ್ಲದವರಿಗೆ ಒಂದು ಮಾತು. ಟೂ ಸ್ಟ್ರೋಕ್ ಇಂಜಿನ್ನಿನ ಕೆಳಗೆ ಆಯಿಲ್ ತುಂಬಿಟ್ಟುಕೊಳ್ಳುವ ಜಾಗ ಇಲ್ಲ. ಪೆಟ್ರೋಲು, ಗಾಳಿ ಎರಡೂ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಮನೆಯ ಮೂಲಕವೇ ಮೇಲೆ ಹೋಗುತ್ತವೆ. ಹಾಗಾಗಿ ಆಯಿಲ್ ಪೆಟ್ರೋಲಿನ ಜೊತೆಗೇ ಬಂದು, ಬೇರಿಂಗಿಗೆ, ಪಿಸ್ಟನ್ನಿಗೆ ಸವರಿ, ಕೊನೆಗೆ ಸುಟ್ಟು ಹೊಗೆಯಾಗಿ ಹೋಗಬೇಕು. ನಲವತ್ತು ದಾಟಿದವರಿಗೆ ನೆನಪಿರುತ್ತೆ, ಸ್ಕೂಟರು, ಲೂನಾ ತಗೊಂಡು ಬಂಕಿಗೆ ಹೋದರೆ ಪೆಟ್ರೋಲಿನ ಜೊತೆ ಟೂ ಟಿ ಆಯಿಲ್ ಹಾಕಿಸಬೇಕಿತ್ತು. ಲೀಟರಿಗೆ 20 ಎಂಎಲ್, ಅಂದರೆ 50ಕ್ಕೆ 1. ಹಾಕಿಸಿ ಗಾಡಿಯನ್ನು ಆಕಡೆ ಈಕಡೆ ಅಲ್ಲಾಡಿಸುತ್ತಿದ್ದೆವು, ಬೆರೆಯಲಿ ಅಂತ.

ಇನ್ನೊಂದು ದಾರಿ ಪಂಪು. ಆಯಿಲಿಗೆ ಬೇರೆ ಡಬ್ಬಿ. ಕ್ರ್ಯಾಂಕಿನಿಂದ ತಿರುಗುವ ಸಣ್ಣ ಪಂಪು ಅದನ್ನು ಎಳೆದು ತೆಳ್ಳಗಿನ ಪೈಪುಗಳಲ್ಲಿ ಸಿಲಿಂಡರಿಗೆ ಒಂದರಂತೆ ಕಳಿಸುತ್ತದೆ. ಥ್ರಾಟಲ್ಲಿಗೆ ಅದರ ಸರಳು ಜೋಡಿಸಿರುತ್ತಾರೆ, ಕಿವಿ ಹಿಂಡಿದಷ್ಟೂ ಆಯಿಲ್ ಜಾಸ್ತಿ. ನಮ್ಮ ಯಮಹಾ ಆರ್‌ಎಕ್ಸ್ 100 ಬೈಕಿನಲ್ಲಿ ಇರುವುದೂ ಇದೇ ತತ್ವ.

ನನ್ನ ಪೂರ್ವಗ್ರಹ ಶುರುವಾಗುವುದೇ ಈ ಆರ್‌ಎಕ್ಸ್‌ನಿಂದ. ನನ್ನ ಜೀವನದಲ್ಲಿ ಎಷ್ಟು ಆರ್‌ಎಕ್ಸ್‌ಗಳ ಪಂಪು ಕಿತ್ತು ಮಿಕ್ಸ್ ಪೆಟ್ರೋಲಿಗೆ ಮಾಡಿಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಗ್ಯಾರೇಜಿನ ಹಿಂದಿನ ಡಬ್ಬದಲ್ಲಿ ಆ ಪಂಪುಗಳು ಇನ್ನೂ ಬಿದ್ದಿವೆ. ಶುರುವಿನಲ್ಲಿ ಒಬ್ಬರ ಗಾಡಿ ಹರಿಹರದ ರೋಡಿನಲ್ಲಿ ಸೀಜ್ ಆಯಿತು, ಅಂದರೆ ಪಿಸ್ಟನ್ನು ಬೋರಿಗೆ ಕಚ್ಚಿಕೊಂಡು ನಿಂತಿತು, ಚಕ್ರ ಲಾಕ್ ಆಗಿ ಬಿದ್ದು ಮಂಡಿ ಒಡೆದುಕೊಂಡರು. ಅವತ್ತಿಂದ ಯಾರು ಬಂದರೂ "ಪಂಪ್ ನಂಬಬೇಡಿ ಸರ್, ಮಿಕ್ಸ್ ಮಾಡಿಬಿಡಿ" ಅಂತಲೇ ಹೇಳುತ್ತಾ ಬಂದೆ. ಈಗ ನಿಜ ಹೇಳಬೇಕು ಅಂದರೆ, ಆ ಗಾಡಿಯಲ್ಲಿ ಪಂಪು ಚೆನ್ನಾಗೇ ಇತ್ತು. ಆಯಿಲ್ ಟ್ಯಾಂಕೇ ಖಾಲಿ. ಅವರು ಹಾಕಿಸಿರಲಿಲ್ಲ. ಬೈಗುಳ ತಿಂದಿದ್ದು ಪಂಪು.

ಭಾವನಿಗೆ ಫೋನ್ ಮಾಡಿ ಹೇಳಿದೆ, ಪಂಪ್ ತೆಗೀತೀನಿ ಅಂತ.

"ಬೆಳಗಿನ ಜಾವ ನಾಲ್ಕು ಗಂಟೆಗೆ ಕತ್ತಲಲ್ಲಿ ದಡದ ಮೇಲೆ ಕೂತು ಎಂಎಲ್ ಲೆಕ್ಕ ಹಾಕೋರು ಯಾರಪ್ಪಾ?" ಅಂದರು.

"ಹಿಂದಿನ ರಾತ್ರಿನೇ ಬೆರೆಸಿಡಿ ಭಾವ."

"ನಿಮ್ಮಕ್ಕ ಅಡುಗೆ ಎಣ್ಣೆ ಅಳತೆ ಕೇಳಿದ್ರೇ ಬೈತಾಳೆ, ಇದೊಂದು ಬಾಕಿ ಇತ್ತು."

ನಕ್ಕು ಇಟ್ಟೆ. ಆದರೆ ಆ ಮಾತು ತಲೆಯಲ್ಲಿ ಕೂತಿತು. ಲೆಕ್ಕ ಹಾಕಿ ನೋಡಿದೆ. ಬೋಟಿನ ಕೆಂಪು ಟ್ಯಾಂಕು 24 ಲೀಟರಿನದು. 50ಕ್ಕೆ 1 ಅಂದರೆ 480 ಎಂಎಲ್. ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿದರೆ ಸುಲಭ. ಆದರೆ ಯಾರೂ ಹಾಗೆ ತುಂಬಲ್ಲ. ಟ್ಯಾಂಕಿನಲ್ಲಿ ಏಳೋ ಎಂಟೋ ಲೀಟರ್ ಉಳಿದಿರುತ್ತೆ, ಕ್ಯಾನಿನಲ್ಲಿ ಹತ್ತು ಲೀಟರ್ ತಂದಿರುತ್ತಾರೆ, ಕ್ಯಾನಿಗೆ ಬೆರೆಸಿದೆಯಾ ಇಲ್ಲವಾ ಅಂತ ನೆನಪಿರಲ್ಲ. ಅನುಮಾನ ಬಂದು ಇನ್ನೊಂದು ಸಲ ಹಾಕುತ್ತಾರೆ. ಆಗ ಹೊಗೆ, ಪ್ಲಗ್ ಕಪ್ಪು. ಇಲ್ಲ ಅಂದರೆ ಹಾಕೋದೇ ಇಲ್ಲ. ಆಗ ಮತ್ತೆ ನನ್ನ ಗ್ಯಾರೇಜು.

ಮಿಕ್ಸಿನ ಇನ್ನೊಂದು ತೊಂದರೆ ನನಗೆ ಬೈಕಿನಲ್ಲಿ ಅಷ್ಟಾಗಿ ಗೊತ್ತಾಗಿರಲಿಲ್ಲ. ಬೈಕು ಯಾವಾಗಲೂ ಓಡುತ್ತಲೇ ಇರುತ್ತೆ. ಬೋಟು ಹಾಗಲ್ಲ. ಬಲೆ ಬಿಡುವಾಗ, ಎತ್ತುವಾಗ ಇಂಜಿನ್ನು ಗಂಟೆಗಟ್ಟಲೆ ಐಡಲ್‌ನಲ್ಲೇ ಗೊಣಗುತ್ತಾ ಇರುತ್ತೆ. ಅಷ್ಟು ಮೆಲ್ಲಗೆ ಓಡುವಾಗ ಇಂಜಿನ್ನಿಗೆ 50ಕ್ಕೆ 1 ಬೇಕಾಗಿಲ್ಲ, 100ಕ್ಕೆ 1ರಷ್ಟಿದ್ದರೂ ಸಾಕು. ಪಂಪು ಅದನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಬೆರೆಸಿದ ಪೆಟ್ರೋಲಿಗೆ ಆ ಬುದ್ಧಿ ಇಲ್ಲ, ಐಡಲ್ ಆದರೂ ಫುಲ್ ಆದರೂ ಒಂದೇ ಅಳತೆ. ಹೆಚ್ಚಾದ ಆಯಿಲ್ ಅರ್ಧ ಪ್ಲಗ್ಗಿಗೆ, ಅರ್ಧ ನೀರಿಗೆ, ಔಟ್‌ಬೋರ್ಡಿನ ಹೊಗೆ ಹೋಗುವುದೇ ನೀರಿನೊಳಗೆ. ಮಾರಿಕಣಿವೆ ನೀರನ್ನೇ ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಯ ಜನ ಕುಡಿಯುವುದು. ನೀರಿನ ಮೇಲೆ ಕಾಮನಬಿಲ್ಲು ಥರ ಎಣ್ಣೆ ಪರದೆ ಹರಡಿದರೆ ನೋಡೋಕೆ ಚೆಂದ, ಆದರೆ ನನಗಂತೂ ಆಮೇಲೆ ಚಿತ್ರದುರ್ಗದಲ್ಲಿ ನಲ್ಲಿ ನೀರು ಕುಡಿಯುವಾಗ ಅದೇ ನೆನಪಾಯಿತು.

ಆಮೇಲೆ ಈಗಿನ ಪೆಟ್ರೋಲು. 2025ರಿಂದ ಬಂಕುಗಳಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಎಥನಾಲು ನೀರನ್ನು ಹೀರುತ್ತೆ. ನೀರು ಒಂದು ಮಟ್ಟ ಮೀರಿದರೆ ಎಥನಾಲು, ನೀರು ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ನಾವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತೆ. ಇಂಜಿನ್ನು ಎಳೆದುಕೊಳ್ಳುವುದು ತಳದಿಂದ! ಅಂದರೆ ನೀವು ಸರಿಯಾಗೇ ಅಳೆದು ಬೆರೆಸಿದ್ದರೂ ಒಳಗೆ ಹೋಗುವುದು ಆಯಿಲ್ ಇಲ್ಲದ ನೀರು ಮಿಶ್ರಣ. ಹೊಳೆ ದಡದಲ್ಲಿ, ಮುಚ್ಚಳ ಸಡಿಲ ಇರುವ ಟ್ಯಾಂಕಿನಲ್ಲಿ, ಎರಡು ವಾರ ಬಿಟ್ಟರೆ ಇದು ಆಗಲ್ಲ ಅಂತ ಯಾರೂ ಹೇಳೋಕಾಗಲ್ಲ. ಪಂಪಾದರೆ ಆಯಿಲ್ ಬೇರೆ ದಾರಿಯಲ್ಲಿ ಬರುತ್ತೆ. ಇಂಜಿನ್ನು ನಿಂತುಹೋಗಬಹುದು, ಸೀಜ್ ಆಗುವ ಸಂಭವ ಕಡಿಮೆ.

ಇಷ್ಟೆಲ್ಲ ಇದ್ದರೂ ನನ್ನ ಮನಸ್ಸು ಪಂಪಿನ ಕಡೆ ತಿರುಗಿರಲಿಲ್ಲ. ಇರಲಿ, ಕಿತ್ತು ಹಾಕುವ ಮೊದಲು ಒಂದು ಸಲ ಪರೀಕ್ಷೆ ಮಾಡಿಯೇ ನೋಡೋಣ ಅಂದುಕೊಂಡೆ. ಸುಮ್ನೆ ಕುತೂಹಲ.

ಪರೀಕ್ಷೆಗೆ ಮುಂಚೆ ಒಂದು ಎಡವಟ್ಟು ತಪ್ಪಿತು. ಆಯಿಲ್ ಡಬ್ಬಿಗೆ ಗ್ಯಾರೇಜಿನಲ್ಲಿದ್ದ ಬೈಕಿನ ಟೂ ಟಿ ಸುರಿಯೋಕೆ ಮುಚ್ಚಳ ತೆಗೆದಿದ್ದೆ. ಅಷ್ಟರಲ್ಲಿ ಮಲ್ಪೆಯವರು ಬೇರೆ ಏನೋ ಸಾಮಾನಿನ ವಿಷಯಕ್ಕೆ ಫೋನ್ ಮಾಡಿದರು. ಮಾತಿನ ನಡುವೆ ಹೇಳಿದೆ. "ಅಯ್ಯೋ, ಹಾಕ್ಬೇಡಿ ಮಾರಾಯ್ರೆ, ಟಿಸಿ-ಡಬ್ಲ್ಯೂ3 ಅಂತ ಬರೆದದ್ದೇ ಬೇಕು" ಅಂದರು. ಅದು ಔಟ್‌ಬೋರ್ಡಿಗೆ ಅಂತಲೇ ಮಾಡಿದ ಆಯಿಲಿನ ಗುರುತು. ಯಾಕೆ ಅಂತ ಆಮೇಲೆ ಅರ್ಥ ಆಯಿತು. ಬೈಕು ಗಾಳಿಯಿಂದ ತಣ್ಣಗಾಗುವ ಇಂಜಿನ್ನು, ತುಂಬಾ ಬಿಸಿಯಲ್ಲಿ ಓಡುತ್ತೆ, ಅದರ ಆಯಿಲಿನಲ್ಲಿ ಸುಟ್ಟಾಗ ಬೂದಿ ಬಿಡುವ ಸೇರಿಕೆಗಳು ಇರುತ್ತವೆ. ಔಟ್‌ಬೋರ್ಡು ಕೆರೆಯ ನೀರನ್ನೇ ಎಳೆದು ತಣ್ಣಗಾಗುವಂಥದ್ದು, ಅದಕ್ಕೆ ಬೂದಿ ಬಿಡದ ಆಯಿಲ್ ಬೇಕು, ಇಲ್ಲ ಅಂದರೆ ಪಿಸ್ಟನ್ ತಲೆ ಮೇಲೆ, ಪ್ಲಗ್ಗಿನ ಮೇಲೆ ಅದು ಕಟ್ಟಿಕೊಳ್ಳುತ್ತೆ. ಎರಡು ಥರದ ಆಯಿಲ್ ಒಂದೇ ಡಬ್ಬಿಯಲ್ಲಿ ಬೆರೆತರೆ ಕೆಲವು ಸಲ ಗಟ್ಟಿಯಾಗೋದೂ ಉಂಟು ಅಂದರು. ಈ ಕೊನೆಯ ಮಾತು ಎರಡೇ ದಿನದಲ್ಲಿ ಕಣ್ಣೆದುರಿಗೆ ಬಂತು.

ಔಟ್‌ಬೋರ್ಡನ್ನು ಒಣಗಿದಂತೆ ಸ್ಟಾರ್ಟ್ ಮಾಡುವ ಹಾಗಿಲ್ಲ, ನೀರಿಲ್ಲದೆ ಇಂಪೆಲ್ಲರ್ ಸುಟ್ಟುಹೋಗುತ್ತೆ. ಇನ್ನೂರು ಲೀಟರಿನ ಡ್ರಮ್ಮಿಗೆ ನೀರು ತುಂಬಿ, ಕಬ್ಬಿಣದ ಸ್ಟ್ಯಾಂಡಿಗೆ ಇಂಜಿನ್ನು ಕಟ್ಟಿ ಕಾಲು ಇಳಿಬಿಟ್ಟೆ. ಟ್ಯಾಂಕಿಗೆ 50ಕ್ಕೆ 1 ಬೆರೆಸಿದ ಪೆಟ್ರೋಲು ಹಾಕಿದೆ, ಪಂಪಿನ ಪೈಪು ಬಿಚ್ಚಿಟ್ಟರೂ ಇಂಜಿನ್ನಿಗೆ ಆಯಿಲ್ ಸಿಗಲಿ ಅಂತ. ಮೆಡಿಕಲ್ ಶಾಪಿನಿಂದ ಎರಡು ಇನ್ಸುಲಿನ್ ಸಿರಿಂಜು ತಂದೆ, 1 ಎಂಎಲ್‌ನವು, ಸೂಜಿ, ದಂಡ ಎರಡೂ ತೆಗೆದು. ಸಿಲಿಂಡರಿಗೆ ಹೋಗುವ ಎರಡು ಪೈಪಿನ ತುದಿ ಬಿಚ್ಚಿ, ಚೆಕ್ ವಾಲ್ವ್ ಸಮೇತ, ಎರಡು ಸಿರಿಂಜಿಗೆ ಜೋಡಿಸಿ, ಇಂಜಿನ್ನಿನ ಕಡೆಯ ಬಾಯಿಗಳಿಗೆ ರಬ್ಬರ್ ಮುಚ್ಚಳ ಹಾಕಿದೆ. ಅದನ್ನು ಹಾಕದಿದ್ದರೆ ಹೊರಗಿನ ಗಾಳಿ ಎಳೆದು ಮಿಕ್ಸ್ಚರ್ ತೆಳ್ಳಗಾಗುತ್ತೆ, ಅದೂ ಸೀಜ್‌ಗೆ ದಾರಿಯೇ. ಪಂಪಿನ ಗಾಳಿ ಬಿಡುವ ಸ್ಕ್ರೂ ಸಡಿಲ ಮಾಡಿ ಗುಳ್ಳೆ ನಿಲ್ಲುವ ತನಕ ಆಯಿಲ್ ಹರಿಸಿ ಬಿಗಿ ಮಾಡಿದೆ.

ಸ್ಟಾರ್ಟ್ ಮಾಡಿದಾಗ ಬೀದಿ ತುಂಬಾ ಹೊಗೆ. ಪಕ್ಕದ ಅಂಗಡಿಯವರು ಬಂದು ನಿಂತರು, ಬೈಯೋಕೆ ಬಂದವರು ನೋಡುತ್ತಾ ಮರೆತರು. 1500 ಆರ್‌ಪಿಎಂ ಹತ್ತಿರ ಇಟ್ಟು ಮೂರು ನಿಮಿಷ ಮೊಬೈಲಿನಲ್ಲಿ ಟೈಮ್ ಹಿಡಿದೆ. ಮೊದಲನೇ ಸಿರಿಂಜಿನಲ್ಲಿ ನೀಲಿ ಹಸಿರಿನ ಆಯಿಲ್ ಕೂದಲೆಳೆಯಷ್ಟು, ಕೂದಲೆಳೆಯಷ್ಟು ಏರಿತು. ಎರಡನೆಯದು ನಿಂತೇ ಇತ್ತು. ಒಮ್ಮೆ ಒಂದು ಗುಳ್ಳೆ ಬಂತು, ಮತ್ತೆ ನಿಂತಿತು. ಮೂರು ನಿಮಿಷಕ್ಕೆ ಒಂದರಲ್ಲಿ 0.8 ಎಂಎಲ್. ಇನ್ನೊಂದರಲ್ಲಿ 0.2 ಕೂಡ ಸರಿಯಾಗಿ ಇಲ್ಲ.

ಎರಡನೆಯದು ಯಾವುದು ಗೊತ್ತಾ? ಕೆಳಗಿನ ಸಿಲಿಂಡರಿಗೆ ಹೋಗುವ ಪೈಪು.

ನಾನು ಅಲ್ಲೇ ಡ್ರಮ್ಮಿನ ಪಕ್ಕ ಕೂತುಬಿಟ್ಟೆ. ಇಂಜಿನ್ನಿನ ಹಿಂದಿನ ಯಜಮಾನ ಆಯಿಲ್ ಹಾಕಿದ್ದಾನೆ. ಡಬ್ಬಿ ತುಂಬಿತ್ತು. ಪಂಪು ತಿರುಗುತ್ತಿತ್ತು. ಆಯಿಲ್ ಕಡಿಮೆಯಾದರೆ ಕೂಗುವ ಬಜ಼ರ್ ಕೂಡ ಕೂಗಿರಲಿಕ್ಕಿಲ್ಲ, ಯಾಕೆಂದರೆ ಅದು ನೋಡುವುದು ಡಬ್ಬಿಯ ಮಟ್ಟವನ್ನು, ಪೈಪಿನಲ್ಲಿ ಹರಿಯುತ್ತಾ ಇಲ್ಲವಾ ಅನ್ನುವುದನ್ನಲ್ಲ. ಕೆಳಗಿನ ಪೈಪಿನ ತುದಿಯ ಚೆಕ್ ವಾಲ್ವು ಬಿಚ್ಚಿದೆ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಒಳಗೆ ಒಂದು ಸ್ಪ್ರಿಂಗು, ಒಂದು ಗುಂಡು, ಆಯಿಲ್ ಮುಂದೆ ಹೋಗಲಿ ಹಿಂದೆ ಬರದಿರಲಿ ಅಂತ. ಅದರ ಬಾಯಲ್ಲಿ ಒಣಗಿದ ಹುಣಸೆ ರಸದಂಥ ಕಂದು ಅಂಟು. ಯಾರೋ ಯಾವಾಗಲೋ ಎರಡು ಥರದ ಆಯಿಲ್ ಬೆರೆಸಿದ್ದಾರೆ. ಗಟ್ಟಿಯಾಗಿ ಅಲ್ಲಿ ಕೂತಿದೆ.

ಅವತ್ತು ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಭಾವನಿಗೆ ಫೋನ್ ಮಾಡಿದೆ, ನಾನು ಗೆದ್ದವನ ಹಾಗೆ. "ನೋಡಿ ಭಾವ, ಕೊಂದಿದ್ದು ಪಂಪೇ. ಹೇಳದೆ ಕೇಳದೆ ಕೊಂದಿದೆ. ತೆಗೆದುಹಾಕ್ತೀನಿ."

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀನು ಹೇಳಿದ್ದು ಕೇಳಿದ್ರೆ ಆ ಕಾಳಿನಷ್ಟು ವಾಲ್ವ್ ತಾನೇ ಕೆಟ್ಟಿದ್ದು? ಮನೆ ಬಾಗಿಲ ಚಿಲಕ ಕೆಟ್ರೆ ಮನೆ ಕೆಡವ್ತಾರಾ? ಹೊಸ ಇಂಜಿನ್ ಹೆಂಗೂ ನಿಧಾನಕ್ಕೆ ಓಡಿಸಬೇಕು ಅಂದಿದ್ದೆ. ಅದು ಮುಗೀಲಿ, ಆಮೇಲೆ ತೆಗೆಯೋದು ಇದ್ದೇ ಇದೆ."

ಅದು ಸರಿಯಾದ ಮಾತು. ಬೋರ್ ಆದ ಇಂಜಿನ್ನಿಗೆ ಮೊದಲ ಹತ್ತು ಗಂಟೆ ಆಯಿಲ್ ಡಬಲ್ ಬೇಕು. ಪಂಪಿಲ್ಲದ ಇಂಜಿನ್ನಾದರೆ 25ಕ್ಕೆ 1 ಬೆರೆಸುತ್ತಾರೆ, 24 ಲೀಟರಿಗೆ 960 ಎಂಎಲ್. ಪಂಪಿರುವುದಾದರೆ ಪಂಪನ್ನೂ ಬಿಟ್ಟು, ಟ್ಯಾಂಕಿಗೂ 50ಕ್ಕೆ 1 ಬೆರೆಸುತ್ತಾರೆ. ಎರಡನೇ ದಾರಿಯಲ್ಲಿ ಒಂದು ಲಾಭ ಇದೆ. ಪಂಪು ಅರ್ಧ ಕೆಟ್ಟರೂ ಇಂಜಿನ್ನು ಸಾಯಲ್ಲ, ಅಷ್ಟರಲ್ಲಿ ಡಬ್ಬಿಯ ಆಯಿಲ್ ಎಷ್ಟು ಇಳಿಯುತ್ತೆ ಅಂತ ನೋಡಿ ಪಂಪಿನ ಹಣೆಬರಹ ಗೊತ್ತುಮಾಡಿಕೊಳ್ಳಬಹುದು. ಸರಿ, ಎರಡೂ ಚೆಕ್ ವಾಲ್ವು ಹೊಸದು ತರಿಸಿದೆ, ಒಂದನ್ನೇ ಅಲ್ಲ. ಹಳೇ ಪೈಪುಗಳು ಚರ್ಮದ ಹಾಗೆ ಬಿರುಸಾಗಿದ್ದವು, ಒಳಗಿನ ಆಯಿಲ್ ಕಾಣುವಂಥ ಹೊಸ ಪೈಪು ಹಾಕಿದೆ. ಡಬ್ಬಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆ. ಮತ್ತೆ ಸಿರಿಂಜು. ಈ ಸಲ ಎರಡೂ ಜೋಡೆತ್ತಿನ ಹಾಗೆ ಸಮಕ್ಕೆ ಬಂದವು.

ಒಂದು ಶನಿವಾರ ಇಂಜಿನ್ನು ಹೇರಿಕೊಂಡು ಹೊರಟೆ. ಚಿತ್ರದುರ್ಗ ದಾಟಿದರೆ ಗುಡ್ಡದ ಮೇಲೆಲ್ಲ ಗಾಳಿಕಂಬಗಳು ತಿರುಗುತ್ತಿದ್ದವು. ಅದನ್ನು ನೋಡಿಯೇ ಭಾವನ ರಟ್ಟೆ ನೆನಪಾಯಿತು. ಭಾನುವಾರ ಬೆಳಿಗ್ಗೆ ಬೋಟಿಗೆ ಕಟ್ಟಿದೆವು. ನಾನು, ಭಾವ, ಅಕ್ಕನ ಮಗ. ಹುಡುಗನಿಗೆ ಹತ್ತೊಂಬತ್ತು, ಡಿಪ್ಲೊಮಾ ಓದುತ್ತಾನೆ, ಮೊಬೈಲು ಬಿಟ್ಟರೆ ಇನ್ನೊಂದರ ಮೇಲೆ ನಿಗಾ ಇಲ್ಲ.

ಮೊದಲ ಹತ್ತು ನಿಮಿಷ ಎಷ್ಟು ಮೆಲ್ಲಗೆ ಆಗುತ್ತೋ ಅಷ್ಟು ಮೆಲ್ಲಗೆ. ಆಮೇಲೆ ಒಂದು ಗಂಟೆ ಆಗುವ ತನಕ ಅರ್ಧ ಥ್ರಾಟಲ್ ದಾಟಬಾರದು, 3000 ಆರ್‌ಪಿಎಂ ಒಳಗೆ, ಅದೂ ಒಂದೇ ಸ್ಪೀಡಿನಲ್ಲಿ ಅಲ್ಲ, ಏರಿಸುತ್ತಾ ಇಳಿಸುತ್ತಾ ಇರಬೇಕು. ಎರಡನೇ ಗಂಟೆ ಮುಕ್ಕಾಲು. ಆಮೇಲಿನ ಎಂಟು ಗಂಟೆ ಫುಲ್ ಥ್ರಾಟಲ್ ಕೊಡಬಹುದು, ಆದರೆ ಒಂದೇ ಸಮ ಐದು ನಿಮಿಷ ಮೀರಬಾರದು. ನನಗೆ ಇದು ಹೊಸದಲ್ಲ, ಬೋರ್ ಮಾಡಿದ ಬೈಕನ್ನು ಹೀಗೇ ಓಡಿಸುತ್ತೇವೆ. ಆದರೆ ನೀರಿನ ಮೇಲೆ ಕೂತು, ಹಿಂದಿನಿಂದ ನೀರು ಉಗುಳುವ ಸಣ್ಣ ತೂತನ್ನೇ ನೋಡುತ್ತಾ, ಅದು ನಿಂತರೆ ಕತೆ ಮುಗಿಯಿತು ಅಂತ ಅಂದುಕೊಳ್ಳುತ್ತಾ ಕಳೆದ ಆ ಮೊದಲ ಗಂಟೆ ಇದೆಯಲ್ಲ, ದೇವರೇ. ಸುತ್ತ ಎಷ್ಟು ಚೆಂದ ಇತ್ತು ಅಂತ ಭಾವ ಆಮೇಲೆ ಹೇಳಿದರು. ನಾನು ನೋಡಿದ್ದು ಆ ತೂತನ್ನು ಮಾತ್ರ.

ಎರಡು ಗಂಟೆ ಮುಗಿಸಿ ನಾನು ದಾವಣಗೆರೆಗೆ ಬಂದೆ. ಡಬ್ಬಿಯ ಹೊರಗೆ ಅಕ್ಕನ ನೇಲ್ ಪಾಲಿಶ್‌ನಿಂದ ಗೆರೆ ಹಾಕಿಟ್ಟಿದ್ದೆ. ಉಳಿದ ಎಂಟು ಗಂಟೆ ಭಾವ ತಮ್ಮ ಕೆಲಸದ ಜೊತೆಗೇ ಓಡಿಸಲಿ, ಪ್ರತಿ ಟ್ಯಾಂಕಿಗೂ ಆಯಿಲ್ ಬೆರೆಸಲಿ, ಗೆರೆ ನೋಡಿ ಬರೆದಿಡಲಿ. ಹತ್ತು ಗಂಟೆ ಆದ ಮೇಲೆ ಬಂದು ಪಂಪು ಕೀಳುತ್ತೇನೆ. ಪಂಪು ಕಿತ್ತ ಜಾಗ ಮುಚ್ಚುವ ಪ್ಲೇಟು, ಮುಚ್ಚಳ ಎಲ್ಲಾ ಕವರಿನಲ್ಲಿ ರೆಡಿ ಇಟ್ಟಿದ್ದೆ.

ಐದನೇ ದಿನ ಹುಡುಗನ ಫೋನು. ದನಿ ಸಣ್ಣಗಿತ್ತು.

"ಮಾವ, ಒಂದು ತಪ್ಪಾಗಿದೆ."

ಬಂಕಿನಿಂದ ಪೆಟ್ರೋಲು ತಂದವನು ಇವನು. ಅಪ್ಪ ಬೆರೆಸುತ್ತಾರೆ ಅಂತ ಇವನು, ಮಗ ಬೆರೆಸಿದ್ದಾನೆ ಅಂತ ಅವರು. ಬೆಳಗಿನ ಜಾವ ಟ್ಯಾಂಕಿಗೆ ಸುರಿದು ಹೋಗಿ ಎರಡು ಗಂಟೆ ಓಡಿಸಿಕೊಂಡು ಬಂದಿದ್ದಾರೆ. ವಾಪಸ್ ಬಂದ ಮೇಲೆ ಬೆಳಕಿನಲ್ಲಿ ಕ್ಯಾನಿನಲ್ಲಿ ಉಳಿದದ್ದನ್ನು ನೋಡಿದ್ದಾನೆ. ಆಯಿಲ್ ಬೆರೆಸಿದರೆ ಪೆಟ್ರೋಲಿಗೆ ನೀಲಿ ಹಸಿರಿನ ಛಾಯೆ ಬರುತ್ತೆ. ಇದು ಬರೀ ಪೆಟ್ರೋಲಿನ ಬಣ್ಣ. ಕ್ಯಾನಿನಲ್ಲಿದ್ದದ್ದಕ್ಕೂ ಟ್ಯಾಂಕಿನಲ್ಲಿದ್ದದ್ದಕ್ಕೂ ಒಂದೇ ಬಣ್ಣ.

ನನಗೆ ಕಾಲು ತಣ್ಣಗಾಯಿತು. ಇಂಜಿನ್ನಿಗೆ ಅವತ್ತಿನ ತನಕ ಆದ ಓಟ ಆರು ಗಂಟೆ. ರಿಂಗು ಇನ್ನೂ ಕೂತಿಲ್ಲ. ನನ್ನ ಮಾತು ಕೇಳಿ ಮೊದಲೇ ಪಂಪು ಕಿತ್ತಿದ್ದರೆ ಅವತ್ತು ಅದು ಎರಡು ಗಂಟೆ ಓಡುವುದಿರಲಿ, ಬಲೆ ಇರುವ ಜಾಗಕ್ಕೂ ಮುಟ್ಟುತ್ತಿರಲಿಲ್ಲ. ನಡುನೀರಿನಲ್ಲಿ ಕತ್ತಲಲ್ಲಿ ಅಪ್ಪ ಮಗ. ಬೋಟಿನಲ್ಲಿ ಒಂದೇ ಹುಟ್ಟು ಇದ್ದದ್ದು.

"ಪ್ಲಗ್ ಬಿಚ್ಚು, ಫೋಟೋ ಕಳಿಸು" ಅಂದೆ. ಕಳಿಸಿದ. ಎರಡೂ ಚಹಾದ ಬಣ್ಣ, ಅಂದರೆ ಒಳಗೆ ಸರಿಯಾಗಿದೆ; ಬೆಳ್ಳಗಿದ್ದರೆ ಬಿಸಿ ಜಾಸ್ತಿ ಅಂತ ಲೆಕ್ಕ. "ಡಬ್ಬಿ ಗೆರೆ?" ಇಳಿದಿತ್ತು, ಇಳಿಯಬೇಕಾದಷ್ಟೇ. ಭಾನುವಾರ ಹೋಗಿ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದೆ. ಎರಡೂ ಸಿಲಿಂಡರ್ ಒಂದೇ ಸಮ. ಎಕ್ಸಾಸ್ಟ್ ಕವರ್ ತೆಗೆದು ಟಾರ್ಚ್ ಬಿಟ್ಟು ಪಿಸ್ಟನ್ ನೋಡಿದೆ. ಒಂದು ಗೀರಿಲ್ಲ.

ಪ್ಲೇಟು, ಮುಚ್ಚಳದ ಕವರು ಬ್ಯಾಗಿನಲ್ಲೇ ಇತ್ತು. ಭಾವ ಅದನ್ನು ನೋಡಿದರು, ಏನೂ ಹೇಳಲಿಲ್ಲ. ಹೇಳಿದ್ದರೆ ಹಠಕ್ಕೆ ಬಿದ್ದು ಕಿತ್ತೇಬಿಡುತ್ತಿದ್ದೆನೇನೋ. ಅಕ್ಕ ಮಾತ್ರ ಮೀನು ಸಾರು ಬಡಿಸುತ್ತಾ, "ನಿನ್ನ ಮಾತು ಕೇಳಿದ್ರೆ ಇವತ್ತು ಸಾರಿಗೆ ಮೀನೂ ಇರ್ತಿರ್ಲಿಲ್ಲ, ತಿನ್ನೋಕೆ ಇವರೂ ಇರ್ತಿರ್ಲಿಲ್ಲ" ಅಂದಳು.

ಪಂಪು ಉಳಿಯಿತು. ಹತ್ತು ಗಂಟೆ ಆದ ಮೇಲೆ ಟ್ಯಾಂಕಿಗೆ ಬೆರೆಸುವುದನ್ನು ನಿಲ್ಲಿಸಿದೆವು. ಆದರೆ ಪಂಪನ್ನು ನಂಬಿ ಬಿಟ್ಟಿಲ್ಲ. ಡಬ್ಬಿಗೆ ಈಗ ನೇಲ್ ಪಾಲಿಶ್‌ನ ಗೆರೆಗಳು ಉದ್ದಕ್ಕೂ ಇವೆ, 250 ಎಂಎಲ್‌ಗೆ ಒಂದರಂತೆ, ಅಳೆದು ಸುರಿದು ಹಾಕಿದ್ದು. ಲೆಕ್ಕ ಸುಲಭ ಮಾಡಿದ್ದೇನೆ. 24 ಲೀಟರ್ ಪೆಟ್ರೋಲು ಖಾಲಿಯಾದಾಗ ಆಯಿಲ್ ಒಂದು ಗೆರೆಯಾದರೂ ಇಳಿದಿರಬೇಕು, ಎರಡು ಗೆರೆ ಮೀರಬಾರದು. ಮೆಲ್ಲಗೆ ಓಡಿಸಿದ ದಿನ ಒಂದರ ಹತ್ತಿರ, ಜೋರಾಗಿ ಹೋದ ದಿನ ಎರಡರ ಹತ್ತಿರ. ಒಂದು ಗೆರೆಯೂ ಇಳಿದಿಲ್ಲ ಅಂದರೆ ಇಂಜಿನ್ನು ಮುಟ್ಟದೆ ನನಗೆ ಫೋನ್ ಮಾಡಬೇಕು. ತೊಂದರೆ ಏನೆಂದರೆ, ಒಂದೇ ಪೈಪು ಕಟ್ಟಿಕೊಂಡರೆ ಗೆರೆ ಸ್ವಲ್ಪ ಕಡಿಮೆ ಇಳಿಯುತ್ತೆ ಅಷ್ಟೇ, ಅದನ್ನು ಮೆಲ್ಲಗೆ ಓಡಿಸಿದ ದಿನ ಅಂತ ತಿಳಿದುಬಿಡಬಹುದು. ಅದಕ್ಕೇ ಕಾಣುವ ಪೈಪು ಹಾಕಿದ್ದು. ಕವರ್ ಎತ್ತಿದರೆ ಗುಳ್ಳೆ ಕಾಣುತ್ತೆ. ಮತ್ತೆ ಆರು ತಿಂಗಳಿಗೊಮ್ಮೆ ಸಿರಿಂಜು ಪರೀಕ್ಷೆ. ಡಬ್ಬಿಗೆ ಒಂದೇ ಆಯಿಲ್, ಬೇರೆ ಯಾವುದೂ ಸಿಕ್ಕಿತು ಅಂತ ಸುರಿಯಬಾರದು. ಡಬ್ಬಿಯ ಮುಚ್ಚಳದ ಮೇಲೆ ಪೇಂಟಿನಲ್ಲಿ "ಬೈಕ್ ಆಯಿಲ್ ಹಾಕಬೇಡಿ" ಅಂತ ನಾನೇ ಬರೆದಿದ್ದೇನೆ, ಅಕ್ಷರ ಸೊಟ್ಟಗಿದೆ.

ಇದೇ ಮಾತು ಎಲ್ಲಾ ಇಂಜಿನ್ನಿಗೂ ಅನ್ನಬೇಡಿ. ಐದೋ ಎಂಟೋ ಎಚ್‌ಪಿಯ ಸಣ್ಣ ಇಂಜಿನ್ನುಗಳಿಗೆ ಸಾಮಾನ್ಯವಾಗಿ ಪಂಪೇ ಇರಲ್ಲ, ಬೆರೆಸಲೇಬೇಕು. ಒಬ್ಬನೇ ಓಡಿಸುವವನು, ತಾನೇ ಪೆಟ್ರೋಲು ತರುವವನು, ಶಿಸ್ತಿನವನು ಆದರೆ ಮಿಕ್ಸಿಗಿಂತ ಸರಳವಾದದ್ದು ಬೇರೊಂದಿಲ್ಲ, ಪೈಪಿಲ್ಲ, ವಾಲ್ವಿಲ್ಲ. ಪಂಪಿನ ಹೊಸ ವಾಲ್ವು ಸಿಗದ ಹಳೇ ಮಾಡೆಲ್ಲಾಗಿದ್ದರೆ ನಾನೂ ಕಿತ್ತೇ ಹಾಕುತ್ತಿದ್ದೆ. ಭಾವನ ಮನೆಯಲ್ಲಿ ಪೆಟ್ರೋಲು ತರುವವರು ಒಬ್ಬರು, ಸುರಿಯುವವರು ಇನ್ನೊಬ್ಬರು, ಓಡಿಸುವವರು ಮತ್ತೊಬ್ಬರು. ಅಲ್ಲಿ ಮಿಕ್ಸ್ ನಡೆಯಲ್ಲ.

ಹೋದ ವಾರ ಒಬ್ಬ ಹುಡುಗ ಆರ್‌ಎಕ್ಸ್ ತಂದ. ಅವರಪ್ಪನ ಗಾಡಿಯಂತೆ. "ಪಂಪ್ ತೆಗೆದುಬಿಡಿ ಅಂಕಲ್, ಎಲ್ಲಾರೂ ತೆಗೀತಾರಲ್ಲ" ಅಂದ. ಪೈಪು ನೋಡಿದೆ, ಗಟ್ಟಿಯಾಗಿತ್ತು. ಕೇಬಲ್ಲು ಎಳೆದು ನೋಡಿದೆ, ಪಂಪಿನ ಗುರುತಿಗೆ ಸೇರುತ್ತಿರಲಿಲ್ಲ. ಬರೀ ಅಡ್ಜಸ್ಟ್ ಮಾಡಿ, ಪೈಪು ಬದಲಾಯಿಸಿ, ಆಯಿಲ್ ಟ್ಯಾಂಕಿಗೆ ಒಂದು ಗೆರೆ ಹಾಕಿ ಕೊಟ್ಟೆ. ಅವನಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ.

ನಿನ್ನೆ ರಾತ್ರಿ ಅಕ್ಕನ ಮಗ ಪ್ಲಗ್ಗಿನ ಫೋಟೋ ಕಳಿಸಿದ್ದಾನೆ, ಕೇಳದೆಯೇ. ಮೇಲಿನದು ಚಹಾದ ಬಣ್ಣ. ಕೆಳಗಿನದು ಸ್ವಲ್ಪ ಬೆಳ್ಳಗಿದೆ ಅನ್ನಿಸುತ್ತಿದೆ, ಮೊಬೈಲಿನ ಬೆಳಕೋ ಏನೋ. ಬರುವ ಭಾನುವಾರ ಸಿರಿಂಜು ತಗೊಂಡು ಹೋಗಬೇಕು.